ಕೊಟ್ರಮ್ಮನ ಮನೆಯ ಊಟ

ರಾಯದುರ್ಗದ ಕಂದೀಲು ವ್ಯಾಪಾರಿ ಸಣ್ಣಬಸಪ್ಪ ಬಳ್ಳಾರಿಗೆ ಹೋದದ್ದು ಕಂದೀಲಿನ ಗಾಜು ತರಲಿಕ್ಕೆ. ಗಾಜಿನ ಜೊತೆಗೆ ಒಂದು ಭಾಷಣವನ್ನೂ ಹೊತ್ತು ತಂದ. ಗಾಜುಗಳಲ್ಲಿ ಅರ್ಧಕ್ಕರ್ಧ ರೈಲಿನಲ್ಲೇ ಒಡೆದವು. ಭಾಷಣ ಮಾತ್ರ ಒಂದು ಬಿರುಕೂ ಇಲ್ಲದೆ ಊರು ಮುಟ್ಟಿತು.

ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಕಲೆಕ್ಟರು ಬಳ್ಳಾರಿಯಲ್ಲಿ, ಸರ್ಕಾರ ಮದರಾಸಿನಲ್ಲಿ, ಊರು ತನ್ನ ಬೆಟ್ಟದ ಬುಡದಲ್ಲಿ ತನ್ನ ಪಾಡಿಗೆ ತಾನು. ಬಳ್ಳಾರಿಯ ಬಿಸಿಲು ತಡೆಯಲಾರದೆ ಸಣ್ಣಬಸಪ್ಪ ಒಂದು ಛತ್ರದ ಬಾಗಿಲಲ್ಲಿ ನೆರಳಿಗೆ ನಿಂತಿದ್ದಾಗ ಒಳಗೆ ಮದರಾಸಿನಿಂದ ಬಂದ ಹೆಣ್ಣುಮಗಳೊಬ್ಬರು ಮಾತಾಡುತ್ತಿದ್ದರು. ಮಕ್ಕಳನ್ನು ಸಾಕಿಕೊಂಡು ಮನೆಯಲ್ಲೇ ಇರುವ ತಾಯಂದಿರ ಕೈಯಲ್ಲಿ ಬೇಕಾದಷ್ಟು ವಿದ್ಯೆಯಿದೆ, ಮನೆಯಲ್ಲಿ ಕೂತೇ ಅದನ್ನು ಕಸುಬು ಮಾಡಿಕೊಳ್ಳಬಹುದು, ದಾರಿ ತೋರಿಸುವ ಒಬ್ಬ ಪುಣ್ಯಾತ್ಮ ಮುಂದೆ ಬರಬೇಕು ಎಂದರು. ಪುಣ್ಯಾತ್ಮ ಎನ್ನುವಾಗ ಅವರ ಕಣ್ಣು ಬಾಗಿಲ ಕಡೆಗೆ ಹೊರಳಿತು. ಬಾಗಿಲಲ್ಲಿ ಇದ್ದವನು ಸಣ್ಣಬಸಪ್ಪ ಒಬ್ಬನೇ. ಇನ್ನು ಅವನಾದರೂ ಏನು ಮಾಡಿಯಾನು?

ಊರಿಗೆ ಬಂದವನೇ ಬೋರ್ಡು ಬರೆಸಿದ. ಮೇಲೆ ಸಣ್ಣ ಅಕ್ಷರದಲ್ಲಿ ‘ರಾಯದುರ್ಗ ಮಾತೃ ಗೃಹೋದ್ಯಮ ಸಹಾಯಕ ಸಂಘ’, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಕಾರ್ಯದರ್ಶಿ: ಸಣ್ಣಬಸಪ್ಪ’. ಮನೆಯ ಕಟ್ಟೆಯ ಮೇಲೆ ಅದನ್ನು ಒರಗಿಸಿಟ್ಟು ಹೆಂಡತಿಯನ್ನು ಕರೆದ. ಕೊಟ್ರಮ್ಮ ಕಂಕುಳಲ್ಲಿ ಕೂಸು, ಕೈಗೆ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದಳು.

“ಅಧ್ಯಕ್ಷರು ಯಾರ್ರಿ?” ಎಂದಳು.

“ಇನ್ನೂ ಸಿಕ್ಕಿಲ್ಲ.”

“ಮೆಂಬರು?”

“ನಾಳಿಗೆ ಬರ್ತಾರ.”

“ಹಂಗಾರ ಸದ್ಯಕ್ಕ ಸಂಘ ಅಂದ್ರ ನೀವು, ಈ ಹಲಗಿ.”

“ಶುರುವಿಗೆ ಅಷ್ಟು ಸಾಕು,” ಎಂದ ಸಣ್ಣಬಸಪ್ಪ ಗಂಭೀರವಾಗಿ.

ಮರುದಿನ ಓಣಿಯ ಹೆಂಗಸರು ಬಂದರು. ಪಕ್ಕದ ಮನೆಯ ಉಜ್ಜಿನಮ್ಮ ಮುಂದೆ ಕೂತಳು. ಆಕೆಯ ಶೇಂಗಾ ಚಟ್ನಿಪುಡಿ ಇಲ್ಲದೆ ಆ ಓಣಿಯಲ್ಲಿ ಯಾರ ಗಂಟಲಲ್ಲೂ ರೊಟ್ಟಿ ಇಳಿಯುತ್ತಿರಲಿಲ್ಲ. ಅನ್ನದಾನಮ್ಮ ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವವಳು, ಅವಳ ಕೌದಿ ಹೊದ್ದವರು ಚಳಿಗಾಲ ಮುಗಿಯಿತೆಂದು ಬೇಸರಪಡುತ್ತಿದ್ದರು. ಕಾರ್ಯದರ್ಶಿ ಒಬ್ಬೊಬ್ಬರನ್ನೇ ಕೇಳುತ್ತ ಹೋಗಿ ಕೊನೆಗೆ ತನ್ನ ಹೆಂಡತಿಯ ಕಡೆಗೆ ತಿರುಗಿದ.

“ನನಗೇನು ಬರ್ತದ್ರಿ?” ಎಂದಳು ಕೊಟ್ರಮ್ಮ. “ಎಲ್ಲರ ಹಂಗ ಅಡಗಿ ಮಾಡ್ತೀನಿ. ಬಂದೋರಿಗೆ ನೀಡ್ತೀನಿ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಸೆರಗು ಬಾಯಿಗೆ ಇಟ್ಟುಕೊಂಡರು. “ಕೊಟ್ರಕ್ಕಗ ಬರೋ ವಿದ್ಯಾ ಈ ತಾಲ್ಲೂಕಿನ್ಯಾಗ ಮತ್ತ್ಯಾರಿಗೂ ಬರಂಗಿಲ್ಲ ಬಿಡಣ್ಣ,” ಎಂದಳು ಉಜ್ಜಿನಮ್ಮ. ಸಣ್ಣಬಸಪ್ಪ ಅದನ್ನು ಸಮಾಧಾನದ ಮಾತೆಂದುಕೊಂಡ. ಕಾರ್ಯದರ್ಶಿಯ ಹೆಂಡತಿಗೇ ಒಂದು ಕಸುಬಿಲ್ಲವಲ್ಲ ಎಂದು ಒಳಗೊಳಗೇ ನೊಂದ.

ಆ ನೋವಿನಲ್ಲಿಯೇ ಉಳಿದವರಿಗೆ ಸಹಾಯ ಮಾಡತೊಡಗಿದ. ಉಜ್ಜಿನಮ್ಮನ ಚಟ್ನಿಪುಡಿಯನ್ನು ತನ್ನ ಅಂಗಡಿಯಲ್ಲಿ ಸೀಮೆಎಣ್ಣೆ ಡಬ್ಬದ ಪಕ್ಕಕ್ಕೆ ಇಟ್ಟ. ಗಿರಾಕಿಗಳು ಒಂದು ಚಿಟಿಕೆ ನಾಲಿಗೆಗೆ ಹಚ್ಚಿ, ಇದನ್ನು ರೊಟ್ಟಿಗೆ ಹಚ್ಚುವುದೋ ಬತ್ತಿಗೆ ಹಚ್ಚುವುದೋ ಎಂದು ಕೇಳಿದರು. ಅನ್ನದಾನಮ್ಮನ ಕೌದಿಯನ್ನು ಅಂಗಡಿಯ ಮುಂದೆ ತೂಗುಹಾಕಿ, ಬಣ್ಣ ಎದ್ದು ಕಾಣಲೆಂದು ಹಿಂದೆ ಒಂದು ಕಂದೀಲು ಹಚ್ಚಿಟ್ಟ. ಬಣ್ಣ ಬಹಳ ಚೆನ್ನಾಗಿ ಕಂಡಿತು. ಸ್ವಲ್ಪ ಹೊತ್ತಿಗೆ ಕೌದಿಯೊಳಗಿಂದ ಕಂದೀಲೂ ಕಂಡಿತು. ಅನ್ನದಾನಮ್ಮ ಬಂದು ನೋಡಿ, “ಸಹಾಯ ಸಾಕ್ರಿ ಅಣ್ಣಾರ,” ಎಂದು ಉಳಿದ ಕೌದಿಗಳನ್ನು ಮಡಚಿಕೊಂಡು ಹೋದಳು.

ಸಂಘ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯದಂತೆ ಕಾಪಾಡಿದ್ದು ಮರುಳಸಿದ್ದಪ್ಪನ ಮೊಣಕಾಲು.

ಮರುಳಸಿದ್ದಪ್ಪ ಉಜ್ಜಿನಮ್ಮನ ಗಂಡನ ಸೋದರಮಾವ. ಮೊಣಕಾಲು ನೋವು, ನಾಲ್ಕು ದಿನ ಇದ್ದು ಪಂಡಿತರಿಗೆ ತೋರಿಸಿ ಹೋಗುತ್ತೇನೆ ಎಂದು ಯುಗಾದಿಗೆ ಬಂದವನು ದೀಪಾವಳಿಗೂ ಇದ್ದ. ಪಂಡಿತರ ಮನೆ ಆಚೆಯ ಓಣಿಯಲ್ಲಿತ್ತು. ಅಷ್ಟು ದೂರ ನಡೆಯಲು ಮೊಣಕಾಲು ಒಪ್ಪುತ್ತಿರಲಿಲ್ಲ. ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಹೋಳಿಗೆಗೆ ತುಪ್ಪ ಕಡಿಮೆಯಾಯಿತು, ಕಾಫಿಗೆ ಬೆಲ್ಲ ಹೆಚ್ಚಾಯಿತು ಎಂದು ಮನೆಯ ಆಡಳಿತ ನೋಡಿಕೊಳ್ಳುತ್ತಿದ್ದ. ಒಂದು ದಿನ ಉಜ್ಜಿನಮ್ಮ ಹಿತ್ತಲ ಗೋಡೆಯ ಮೇಲಿಂದ ಕೊಟ್ರಮ್ಮನ ಜೊತೆ ಬಹಳ ಹೊತ್ತು ಪಿಸುಮಾತಾಡಿದಳು. ಮರುದಿನ ಮಧ್ಯಾಹ್ನ ಮರುಳಸಿದ್ದಪ್ಪ ಕೊಟ್ರಮ್ಮನ ಮನೆಗೆ ಊಟಕ್ಕೆ ಬಂದ.

ಸಣ್ಣಬಸಪ್ಪನೂ ಪಕ್ಕದಲ್ಲಿ ಊಟಕ್ಕೆ ಕೂತಿದ್ದ. ಅವನ ತಟ್ಟೆಗೆ ಶೇಂಗಾ ಹೋಳಿಗೆ ಬಿತ್ತು, ತುಪ್ಪ ಬಿತ್ತು, ಬದನೆಕಾಯಿ ಎಣ್ಣೆಗಾಯಿ ಬಿತ್ತು. ಮರುಳಸಿದ್ದಪ್ಪನ ತಟ್ಟೆಗೆ ನವಣೆಯ ಗಂಜಿ ಬಿತ್ತು.

“ಮಾವಾರ, ನಿಮ್ಮ ಮೊಣಕಾಲು ನೆನೆಸಿದ್ರ ನನಗ ನಿದ್ದಿ ಬರವಲ್ದು,” ಎಂದು ಕೊಟ್ರಮ್ಮ ಬೀಸಣಿಗೆಯಿಂದ ಗಾಳಿ ಹಾಕಿದಳು. “ನಮ್ಮ ಅಜ್ಜಗೂ ಹಿಂಗ ಆಗಿತ್ರಿ. ಉಪ್ಪು, ಖಾರ, ಬೆಲ್ಲ, ತುಪ್ಪ ಮುಟ್ಟಬಾರದು. ಮುಂಜಾನೆ ಹರಳೆಣ್ಣಿ, ಸಂಜೀಕ ಬೇವಿನ ಕಷಾಯ. ಒಂದು ವರ್ಷ ಬಿಟ್ಟೂಬಿಡದ ಮಾಡಿದ್ರ ಕಾಲು ಕುದುರಿ ಕಾಲು ಆಗ್ತದ.”

“ವರ್ಷನೇನವ್ವಾ?”

“ಹೆಚ್ಚಾದ್ರೂ ಚಿಂತಿಲ್ರಿ. ಉಜ್ಜಿನಮ್ಮಗ ಎಲ್ಲಾ ಕಲಿಸಿಕೊಟ್ಟೀನಿ. ಇವತ್ತಿಂದನ ಶುರು ಮಾಡ್ತಾಳ. ನಿಮ್ಮನ್ನ ನೆಟ್ಟಗ ಮಾಡದ ಊರಿಗೆ ಕಳಿಸಂಗಿಲ್ಲ ಅಂತ ದೇವರ ಮುಂದ ಆಣಿ ಮಾಡ್ಯಾಳ.”

ಮರುಳಸಿದ್ದಪ್ಪ ಗಂಜಿ ನೋಡಿದ. ಪಕ್ಕದ ಹೋಳಿಗೆ ನೋಡಿದ. ಮೆಲ್ಲಗೆ ಕಾಲು ಮಡಚಿದ, ಮತ್ತೆ ಚಾಚಿದ. “ವಿಚಿತ್ರ ನೋಡವ್ವ, ನಿನ್ನ ಗಂಜಿ ಹೊಟ್ಟಿಗೆ ಹೋದ ಕೂಡ್ಲೆ ನೋವು ಹಾರಿಹೋತು,” ಎಂದ.

ಮರುದಿನದ ರೈಲಿಗೆ ಅವನು ಹೊರಟಾಗ ಗಂಟು ಹೊತ್ತವರು ಅವನ ಹಿಂದೆ ಓಡಬೇಕಾಯಿತಂತೆ. ಉಜ್ಜಿನಮ್ಮ ಒಂದು ದೊಡ್ಡ ಗಡಿಗೆ ತುಪ್ಪ ತಂದು ಕೊಟ್ರಮ್ಮನ ಅಡುಗೆಮನೆಯಲ್ಲಿ ಇಟ್ಟು ಹೋದಳು.

ಸಣ್ಣಬಸಪ್ಪ ತುಪ್ಪ ನೋಡಿ ಕೇಳಿದ, “ಇದ್ಯಾಕ?”

“ಆ ಊಟಕ್ಕ ಕೊಟ್ಟಾಳ್ರಿ.”

ಒಂದು ಗಂಜಿ ಊಟಕ್ಕೆ ಒಂದು ಗಡಿಗೆ ತುಪ್ಪ. ಸಣ್ಣಬಸಪ್ಪನ ಕಣ್ಣು ತೆರೆಯಿತು. ಅಂದರೆ, ತಪ್ಪು ಕಡೆಗೆ ತೆರೆಯಿತು. ತನ್ನ ಹೆಂಡತಿಯ ಕೈರುಚಿಗೆ ಮುದುಕರ ಮೊಣಕಾಲು ನೆಟ್ಟಗಾಗುತ್ತದೆಂದರೆ ಅದೇ ಕಸುಬು, ಅದೇ ಗೃಹೋದ್ಯಮ. ಇಷ್ಟು ದಿನ ತನಗೇಕೆ ಹೊಳೆಯಲಿಲ್ಲವೆಂದು ಹಣೆ ಹಣೆ ಬಡಿದುಕೊಂಡ.

ಅಲ್ಲಿಂದ ಮುಂದೆ ವಾರಕ್ಕೊಬ್ಬರು, ಇಬ್ಬರು ಅವನ ಮನೆಗೆ ಊಟಕ್ಕೆ ಬರತೊಡಗಿದರು. ಎಲ್ಲರೂ ಬೇರೆಯವರ ಮನೆಯ ನೆಂಟರೇ. ಡಿ. ಹಿರೇಹಾಳದ ಒಬ್ಬ ಹಿರಿಯರು ಕಾಶಿಗೆ ಹೋಗಿಬಂದ ಕಥೆಯನ್ನು ಹೇಳುತ್ತ ತಂಗಿಯ ಮನೆಯಲ್ಲಿ ಉಳಿದುಬಿಟ್ಟಿದ್ದರು. ಕೊಟ್ರಮ್ಮ ಭಕ್ತಿಯಿಂದ ಕೇಳಿದಳು. ಮುಗಿದ ಮೇಲೆ, ಹಿಂದಿನ ಮನೆಯ ಕಿವುಡಜ್ಜಿಗೆ ಕೇಳಿಸಲಿಲ್ಲ, ಮೊದಲಿನಿಂದ ಹೇಳಿರಿ ಎಂದಳು. ಅಜ್ಜಿಗೆ ಕೇಳಿಸುವಂತೆ ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿಯ ಸೊಸೆ ಬಂದು ಕೂತಳು. ಸಂಜೆಗೆ ಹಿರಿಯರ ಗಂಟಲು ಕಟ್ಟಿತ್ತು, ಬೆಳಿಗ್ಗೆ ಗಂಟುಮೂಟೆ ಕಟ್ಟಿತ್ತು. ಇನ್ನೊಬ್ಬಾಕೆ ನಾದಿನಿಯ ಮನೆಯನ್ನು ‘ಇದು ನಮ್ಮ ಮನೆಯೇ’ ಎನ್ನುತ್ತಿದ್ದಳು. ಹಾಗಾದರೆ ನಿಮ್ಮ ಮನೆಗೆ ಸುಣ್ಣ ಬಳಿಯುವುದಿದೆ, ಬರ್ರಿ ಎಂದು ಕೊಟ್ರಮ್ಮ ಅವಳ ಕೈಗೆ ಕುಂಚ ಕೊಟ್ಟಳಂತೆ.

ಒಬ್ಬರಿಗೂ ಅವಳು ಒಂದು ಕೆಟ್ಟ ಮಾತಾಡಲಿಲ್ಲ. ಹೋಗುವವರಿಗೆ ಬುತ್ತಿ ಕಟ್ಟಬೇಕಲ್ಲ, ಅದಕ್ಕೆ ಉಜ್ಜಿನಮ್ಮನ ಚಟ್ನಿಪುಡಿಯೇ ಆಗಬೇಕು. ಮರ್ಯಾದೆಗೆ ಒಂದು ಕೌದಿ ಕೊಡಬೇಕಲ್ಲ, ಅದು ಅನ್ನದಾನಮ್ಮನದೇ ಆಗಬೇಕು ಎಂದು ಕರಾರು ಮಾಡಿದ್ದಳು. ನೆಂಟರು ಹೊರಟ ಸಂತೋಷದಲ್ಲಿದ್ದ ಮನೆಯವರು ಬೆಲೆ ಚೌಕಾಸಿ ಮಾಡುತ್ತಿರಲಿಲ್ಲ. ಚಟ್ನಿಪುಡಿ ಸಾಲದೆ ಉಜ್ಜಿನಮ್ಮ ಇನ್ನಿಬ್ಬರು ತಾಯಂದಿರನ್ನು ಕುಟ್ಟಲು ಕೂರಿಸಿಕೊಂಡಳು. ಓಣಿಯ ತುಂಬ ಸೂಜಿ ಓಡುವ ಸಪ್ಪಳ, ಒನಕೆಯ ಸಪ್ಪಳ.

ಸಣ್ಣಬಸಪ್ಪ ಹಗಲೆಲ್ಲ ಅಂಗಡಿಯಲ್ಲಿ ಇರುವವನು. ಉಂಡವರು ಊರು ಬಿಟ್ಟದ್ದು ಅವನಿಗೆ ತಿಳಿಯಲಿಲ್ಲ. ಸಂಘ ಬೆಳೆದದ್ದು ಮಾತ್ರ ತಿಳಿಯಿತು. ಅವನು ಎರಡನೆಯ ಬೋರ್ಡು ಬರೆಸಿ ಬಾಗಿಲ ಮೇಲೆ ಹೊಡೆಸಿದ: ‘ಇಲ್ಲಿ ಉಂಡವರು ಎಂದೂ ಮರೆಯರು’. ಓದು ಬಂದವರೆಲ್ಲ ಅದರ ಕೆಳಗೆ ನಿಂತು ನಗುತ್ತಿದ್ದರು. ಜನರ ಮುಖದಲ್ಲಿ ಇಷ್ಟು ಸಂತೋಷ ತಂದೆನಲ್ಲ ಎಂದು ಅವನಿಗೆ ಹೆಮ್ಮೆ.

ಹೀಗಿರುವಾಗ ಅವನಿಗೆ ಬೀದಿ ದೀಪದ ಆಸೆ ಹತ್ತಿತು. ಪಂಚಾಯ್ತಿ ಬೋರ್ಡಿನವರು ಊರಿಗೆಲ್ಲ ಹೊಸ ದೀಪದ ಕಂಬ ಹಾಕುವವರಿದ್ದರು. ಆ ಗುತ್ತಿಗೆ ಸಿಕ್ಕರೆ ಅವನ ಅಂಗಡಿಗೆ ಜೀವ ಬರುತ್ತಿತ್ತು, ಸಿಗದಿದ್ದರೆ ಮುಚ್ಚುವುದೇ ಸೈ ಎನ್ನುವ ಹಾಗಿತ್ತು. ಗುತ್ತಿಗೆಯ ಮಾತು ತಹಶೀಲ್ದಾರರ ಕೈಲಿತ್ತು. ತಹಶೀಲ್ದಾರ್ ಮೂಡಲಗಿರಿಯಪ್ಪನವರು ಮಡಕಶಿರಾ ಕಡೆಯ ಒಕ್ಕಲು ಮನೆತನದವರು, ಮಾತು ಕಡಿಮೆ, ಕೈ ಶುದ್ಧ. ಆದರೆ ಅವರ ಮನೆಯಲ್ಲಿ ಹೆಂಡತಿಯ ಅಣ್ಣ ಚಿಕ್ಕತಿಮ್ಮಯ್ಯ ಇದ್ದ. ಅದೇ ಕಡೆಯ ರೊಳ್ಳ ಎಂಬ ಊರಿನಿಂದ ತಂಗಿಯನ್ನು ನೋಡಲು ಬಂದವನು ಎಂಟು ತಿಂಗಳಾದರೂ ನೋಡುತ್ತಲೇ ಇದ್ದ. ಸಂಜೆಯಾದರೆ ಭಾವನ ಕೊಡೆ ಹಿಡಿದು ಪೇಟೆಗೆ ಬರುವನು, “ತಾಸೀಲ್ದಾರ ನನ್ ಮುಷ್ಟೀಲವ್ನೆ ಕಣಪ್ಪ,” ಎಂದು ಮುಷ್ಟಿ ತೋರಿಸುವನು. ಮುಷ್ಟಿ ಬಿಚ್ಚಿದಾಗ ಅದರಲ್ಲಿ ಏನಾದರೂ ಇಡಬೇಕಾಗುತ್ತಿತ್ತು. ಸಣ್ಣಬಸಪ್ಪನ ಅಂಗಡಿಯಿಂದ ಎರಡು ಕಂದೀಲು ಆಗಲೇ ಹೋಗಿದ್ದವು.

“ಆತನ್ನ ನಮ್ಮ ಮನಿಗೆ ಊಟಕ್ಕ ಕರೀತೀನಿ,” ಎಂದ ಸಣ್ಣಬಸಪ್ಪ ಹೆಂಡತಿಗೆ.

ಕೊಟ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಗುತ್ತಿಗಿ ಸಿಗೋತನಕ ಆತ ಊರಾಗ ಇರಬೇಕಲ್ರಿ?”

“ಇರಬೇಕಂತನ ಕರಿಯಾಕತ್ತೀನಿ.”

“ನೋಡ್ರಿ, ನನ್ನ ಊಟ ಉಂಡ್ರ ಆಗೋದು ಆಗ್ತದ. ಆಮ್ಯಾಲ ನನ್ನ ಅನಬಾರದು.”

“ಆಗಲೇಬೇಕು. ಬ್ಯಾರೆಯವರ ನೆಂಟರಿಗೆ ಹೆಂಗ ಮಾಡ್ತೀಯೋ ಹಂಗ ಮಾಡು. ಒಂದು ಗುಂಜಿ ಕಡಿಮಿ ಆಗಬಾರದು.”

ಕೊಟ್ರಮ್ಮ ಹಿತ್ತಲಿಗೆ ಹೋಗಿ ಉಜ್ಜಿನಮ್ಮನನ್ನು ಕರೆದಳು. ಉಜ್ಜಿನಮ್ಮ ಆ ದಿನ ಓಣಿ ಓಣಿ ತಿರುಗಿ, ಚಿಕ್ಕತಿಮ್ಮಯ್ಯ ಯಾರು ಯಾರಿಗೆ ಏನೇನು ಮಾಡಿಸಿಕೊಡುತ್ತೇನೆಂದು ಹೇಳಿದ್ದಾನೆ ಎಂಬುದನ್ನು ವಿಚಾರಿಸಿಕೊಂಡು ಬಂದಳು.

ಊಟದ ದಿನ ಚಿಕ್ಕತಿಮ್ಮಯ್ಯ ಜರಿ ರುಮಾಲು ಸುತ್ತಿಕೊಂಡು ಬಂದ. ನಡುಮನೆಯಲ್ಲಿ ಅವನ ಮಣೆಯ ಪಕ್ಕ ಇನ್ನೂ ಕೆಲವು ಮಣೆ ಹಾಕಿದ್ದವು. ಮೂವರು ಆಗಲೇ ಕೈಕಾಲು ತೊಳೆದು ಕೂತಿದ್ದರು. ಒಬ್ಬೊಬ್ಬರೂ ತಮ್ಮನ್ನೊಬ್ಬರನ್ನೇ ಕರೆದಿದ್ದಾರೆಂದು ನಂಬಿ ಬಂದವರು.

“ಅಣ್ಣಾರ,” ಎಂದಳು ಕೊಟ್ರಮ್ಮ, ಹೋಳಿಗೆಯ ಬುಟ್ಟಿ ಹಿಡಿದು. “ನಿಮ್ಮ ಉಪಕಾರ ಪಡದೋರು ನಿಮ್ಮ ಜೋಡಿ ಒಂದು ಪಂಕ್ತ್ಯಾಗ ಕುಂತು ಉಣ್ಣಲಿ ಅಂತ ನಾನ ಕರೆಸೀನ್ರಿ.”

“ಒಳ್ಳೇದೇ ಮಾಡ್ದೆ ಬುಡವ್ವ,” ಎಂದ ಚಿಕ್ಕತಿಮ್ಮಯ್ಯ. ಅವನ ಕಣ್ಣು ಪಂಕ್ತಿಯ ಮೇಲೆ ಹರಿದು ಬಂದು ಸ್ವಲ್ಪ ಸಣ್ಣಗಾಯಿತು.

“ಈತ ಬೋರಪ್ಪ, ಬೊಮ್ಮನಹಾಳದಾಂವ. ತಾಲ್ಲೂಕು ಕಚೇರಿ ಜವಾನನ ಕೆಲಸ ಈತಗ ಕೊಡಿಸೀರಲ್ರಿ, ಈತನ ಹೇಣ್ತಿ ದಿನಾ ನಿಮ್ಮ ಹೆಸರ್ಲೆ ದೀಪ ಹಚ್ತಾಳ.” ಬೋರಪ್ಪನ ತಟ್ಟೆಗೆ ಹೋಳಿಗೆ ಬಿತ್ತು. “ಈತ ಬೊಮ್ಮಯ್ಯ. ಈತಗೂ ಅದ ಕೆಲಸ ಕೊಡಿಸೀರಿ. ಎಂಥ ದೊಡ್ಡ ಮನಸ್ಸು ನಿಮ್ದು.”

ಬೋರಪ್ಪನ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತು. “ಜವಾನಂದು ಎಷ್ಟು ಜಾಗ ಖಾಲಿ ಅದಾವ್ರಿ?” ಎಂದು ಕೇಳಿದ.

“ಒಂದ ಅಂತ,” ಎಂದ ಬೊಮ್ಮಯ್ಯ. “ಅದಕ್ಕ ನಾನು ಹೋತ ಕೊಟ್ಟೆ.”

“ನನಗೂ ಒಂದ ಅಂದಿದ್ರು. ನಾನು ಶೇಂಗಾ ಮೂಟಿ ಕೊಟ್ಟೆ.”

“ಅಣ್ಣಾರು ಇಬ್ಬರಿಗೂ ಮಾತು ಕೊಟ್ಟಾರ, ಹೆಂಗೋ ಮಾಡ್ತಾರ. ಉಣ್ಣರಿ,” ಎಂದು ಕೊಟ್ರಮ್ಮ ಮುಂದಕ್ಕೆ ಸರಿದಳು. “ಇವ್ರು ಎಣ್ಣಿ ಅಂಗಡಿ ಕೊಟ್ರಬಸಪ್ಪಾರು. ಬೀದಿ ದೀಪದ ಗುತ್ತಿಗಿ ಇವ್ರಿಗೆ ಅಂತ ಕೇಳಿ ನಮಗೆಲ್ಲ ಬಾಳ ಸಂತೋಷ ಆತು.”

ತುಪ್ಪ ಬಡಿಸುತ್ತಿದ್ದ ಸಣ್ಣಬಸಪ್ಪ ಅಲ್ಲೇ ನಿಂತ. ಅವನ ಕೈಯ ತುಪ್ಪದ ಗಿಂಡಿ ಬಾಗಿದ್ದು ಬಾಗಿದಂತೆಯೇ ಉಳಿದು, ಚಿಕ್ಕತಿಮ್ಮಯ್ಯನ ತಟ್ಟೆ ತುಂಬಿ, ತುಪ್ಪ ನೆಲಕ್ಕೆ ಹರಿದು ಮಣೆಯ ಕಡೆಗೆ ಹೊರಟಿತು. ದೀಪದ ಗುತ್ತಿಗೆ ತನಗಲ್ಲವೇ? ಮಂದ ಬುದ್ಧಿಯನ್ನು ಆದಷ್ಟು ಬೇಗ ಓಡಿಸಿದ. ಉತ್ತರ ಸಿಕ್ಕಿತು: ದೀಪ ಒಬ್ಬರಿಗೆ, ಎಣ್ಣೆ ಒಬ್ಬರಿಗೆ. ಎಂಥ ನ್ಯಾಯವಂತ. ಸಮಾಧಾನವಾಗಿ ಇನ್ನಷ್ಟು ತುಪ್ಪ ಹಾಕಿದ.

ಎಣ್ಣೆ ಅಂಗಡಿ ಕೊಟ್ರಬಸಪ್ಪನಿಗೆ ಆ ಸಮಾಧಾನ ಸಿಗಲಿಲ್ಲ. “ದೀಪಾನೂ ನನಗ ಅಂದಿದ್ರಲ್ರಿ,” ಎಂದು ಮಣೆಯ ಮೇಲೆ ತಿರುಗಿ ಕೂತ. ಬೋರಪ್ಪನೂ ತಿರುಗಿದ. ಬೊಮ್ಮಯ್ಯ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟ, ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ.

“ವಸಿ ಕೈ ತೊಳ್ಕಂಡ್ ಬತ್ತೀನಿ,” ಎಂದು ಚಿಕ್ಕತಿಮ್ಮಯ್ಯ ಎದ್ದ.

“ಇನ್ನೂ ಅನ್ನ ಬರೋದೈತ್ರಿ ಅಣ್ಣಾರ.”

“ಅನ್ನ ಆಮ್ಯಾಕೆ ಉಣ್ತೀನವ್ವ.”

ಸಣ್ಣಬಸಪ್ಪ ತಂಬಿಗೆ, ಟವಲು ಹಿಡಿದು ಹಿಂದೆ ಹೋದ. ದೊಡ್ಡವರು ಹಿತ್ತಲ ಆ ಮೂಲೆಗೆ ಹೋಗಿರಬಹುದೆಂದು ಮರ್ಯಾದೆಯಿಂದ ಮುಖ ತಿರುಗಿಸಿ ನಿಂತ. ಬಹಳ ಹೊತ್ತು ನಿಂತ. ತಿರುಗಿ ನೋಡಿದರೆ ಹಿತ್ತಲ ಗೋಡೆಯ ಮೇಲಿನ ಕುಂಬಳ ಬಳ್ಳಿ ಹರಿದಿತ್ತು, ಗೋಡೆಯ ಈಚೆಗೆ ಒಂದು ಚಪ್ಪಲಿ ಬಿದ್ದಿತ್ತು.

ಟವಲು ಹೆಗಲಿಗೆ, ಚಪ್ಪಲಿ ಕೈಗೆ ತೆಗೆದುಕೊಂಡು ಅವನು ಸ್ಟೇಷನ್ನಿಗೆ ಓಡಿದ. ಬಳ್ಳಾರಿ ರೈಲು ಆಗ ತಾನೆ ಕದಲುತ್ತಿತ್ತು. ಕಿಟಕಿಯಲ್ಲಿ ಚಿಕ್ಕತಿಮ್ಮಯ್ಯ ರುಮಾಲಿಲ್ಲದ ತಲೆಯಲ್ಲಿ ಕೂತಿದ್ದ.

“ಎಲ್ಲಿಗೆ ಹೊಂಟ್ರಿ ಸಾಹೇಬ್ರ? ಅನ್ನ ಉಳೀತು. ತಾಂಬೂಲ ಉಳೀತು.”

“ಊರ್ಗೆ ಕಣಯ್ಯ. ಹೊಲ ನೋಡ್ಕಬೇಕು,” ಎಂದ ಚಿಕ್ಕತಿಮ್ಮಯ್ಯ ಚಪ್ಪಲಿ ಕಿತ್ತುಕೊಳ್ಳುತ್ತ.

“ಮತ್ತ ಯಾವಾಗ ಬರ್ತೀರಿ?”

“ನಿಮ್ಮನೆ ಊಟ ಈ ಜನ್ಮಕ್ಕೆ ಮರೆಯಾಕಿಲ್ಲ.”

ತನ್ನ ಬೋರ್ಡಿನ ಮಾತನ್ನೇ ದೊಡ್ಡವರ ಬಾಯಲ್ಲಿ ಕೇಳಿ ಸಣ್ಣಬಸಪ್ಪನ ಎದೆ ಉಬ್ಬಿತು. ರೈಲು ಮರೆಯಾದ ಮೇಲೆ ಉಬ್ಬಿದ್ದು ಮೆಲ್ಲಗೆ ಇಳಿಯಿತು. ತಹಶೀಲ್ದಾರರ ಹೆಂಡತಿಯ ಅಣ್ಣ ತನ್ನ ಮನೆಗೆ ಉಣ್ಣಲು ಬಂದು ಗೋಡೆ ಹಾರಿ ಓಡಿದ್ದಾನೆ. ಇದನ್ನು ಕಚೇರಿಯಲ್ಲಿ ಏನೆಂದು ಹೇಳುವುದು?

ಹೇಳುವ ಹೊತ್ತು ಬೇಗ ಬಂತು. ಮರುದಿನ ಬೆಳಿಗ್ಗೆ ಬಿಲ್ಲೆ ಹಾಕಿದ ಡಫೇದಾರ ಅಂಗಡಿಯ ಮುಂದೆ ನಿಂತು, ದೊರೆಗಳು ಮನೆಗೇ ಕರೆಯುತ್ತಾರೆ ಎಂದ. ಕಚೇರಿಗೆ ಕರೆಯದೆ ಮನೆಗೆ ಕರೆದಿದ್ದಾರೆಂದರೆ ಶಿಕ್ಷೆ ಕಾನೂನಿನಲ್ಲಿ ಇಲ್ಲದಂಥದೇ ಇರಬೇಕು. ಸಣ್ಣಬಸಪ್ಪ ವಿಭೂತಿ ಹಚ್ಚಿಕೊಂಡು, ಅಂಗಡಿಗೆ ಬೀಗ ಹಾಕಿ, ಬೀಗದ ಕೈ ಹೆಂಡತಿಗೆ ಕೊಡಿರೆಂದು ಪಕ್ಕದವರಿಗೆ ಕೊಟ್ಟು ಹೊರಟ.

ಮೂಡಲಗಿರಿಯಪ್ಪನವರು ಪಡಸಾಲೆಯಲ್ಲಿ ಕೂತಿದ್ದರು. “ಕುಂತ್ಕಳ್ರಿ,” ಎಂದರು. “ನೆನ್ನೆ ನಮ್ ಮನೇವ್ರ ಅಣ್ಣಂಗೆ ಏನ್ ಇಕ್ಕಿದ್ರಿ?”

ಸಣ್ಣಬಸಪ್ಪ ಕೂರಲಿಲ್ಲ. “ಶೇಂಗಾ ಹೋಳಗಿ ಇತ್ರಿ. ಜೋಳದ ರೊಟ್ಟಿ ಇತ್ರಿ. ಎಣ್ಣೆಗಾಯಿಗೆ ಬದನಿಕಾಯಿ ನಾನ ನೋಡಿ ತಂದೀನ್ರಿ, ಒಂದರಾಗೂ ಹುಳ ಇರಲಿಲ್ಲ. ತುಪ್ಪ ಸ್ವಲ್ಪ ಹೆಚ್ಚಾತೇನೋ, ಅದು ನನ್ನ ತಪ್ಪು. ನನ್ನ ಹೇಣ್ತಿದೇನೂ ತಪ್ಪಿಲ್ರಿ.”

“ಎಂಟು ತಿಂಗ್ಳು,” ಎಂದರು ತಹಶೀಲ್ದಾರರು ಸೂರಿನ ಕಡೆಗೆ ನೋಡುತ್ತ.

“ಎಂಟು ತಿಂಗಳು ಜೈಲು ಅಂದ್ರ ಅಂಗಡಿ ಮುಚ್ಚಿ ಹೋಗ್ತದ್ರಿ. ಸಣ್ಣ ಸಣ್ಣ ಮಕ್ಕಳದಾವು.”

“ಎಂಟು ತಿಂಗ್ಳು ನನ್ ಮನೇಲಿ ನನ್ ಕುರ್ಚಿ ಮೇಲೆ ನಾನು ಕುಂತಿಲ್ಲ ಕಣ್ರಿ. ನನ್ ಕೊಡೆ ನನ್ಗೆ ಸಿಕ್ಕಿಲ್ಲ. ಹೋಗಪ್ಪ ಅನ್ನಂಗಿಲ್ಲ, ಎಂಗುಸ್ರು ಕಡೆ ನಂಟಸ್ತಿಕೆ. ಒಂದು ತಾಲ್ಲೂಕಿನ ಜನಾನ ಎಬ್ಬಿಸ್ತೀನಿ, ಮನೆ ಜಪ್ತಿ ಮಾಡ್ತೀನಿ. ಅವನೊಬ್ಬನ್ನ ಎಬ್ಬಿಸೋಕೆ ನನ್ ಕೈಲಾಗ್ಲಿಲ್ಲ. ನಿಮ್ಮನೇವ್ರು ಒಂದೂಟದಲ್ಲಿ ಎಬ್ಬಿಸಿದ್ರು. ಏನ್ ಕಸುಬು ರೀ ಅದು.”

ಒಳಗಿನಿಂದ ತಹಶೀಲ್ದಾರರ ಹೆಂಡತಿ ಚಿತ್ತಮ್ಮನವರು ಹೊರಗೆ ಬಂದರು. ಅಣ್ಣ ಹೋದ ದುಃಖ ಅವರ ಮುಖದಲ್ಲಿ ಎಷ್ಟು ಹುಡುಕಿದರೂ ಸಿಗುವಂತಿರಲಿಲ್ಲ. ಕೈಯಲ್ಲಿ ಒಂದು ಸೀರೆ, ಕುಬಸದ ಕಣ ಇಟ್ಟ ತಟ್ಟೆ ಇತ್ತು. “ಇದ್ನ ಕೊಟ್ರಮ್ಮೋರಿಗೆ ಕೊಡಿ. ಬಂದೋರ್ನ ಮನಸು ನೋಯಿಸ್ದಂಗೆ ಕಳ್ಸೋದ್ರಲ್ಲಿ ಅವ್ರ ಕೈ ದೊಡ್ಡದಂತೆ. ಊರಿಗೆಲ್ಲ ಗೊತ್ತು, ನಾವೇ ತಡ ಮಾಡಿದ್ವಿ,” ಎಂದರು.

ಸಣ್ಣಬಸಪ್ಪನಿಗೆ ಕೊನೆಗೂ ತಿಳಿಯಿತು. ತಿಳಿದದ್ದು ಮನೆಯವರೆಗೆ ನಡೆಯುವ ದಾರಿಯಲ್ಲಿ ಒಂದೊಂದಾಗಿ ಬಿಚ್ಚಿಕೊಂಡಿತು. ಮರುಳಸಿದ್ದಪ್ಪ. ಕಾಶಿಯ ಹಿರಿಯರು. ಆಮೇಲೆ ಅವನ ಸ್ವಂತ ದೊಡ್ಡಪ್ಪ, ತಿಂಗಳಿಗೆಂದು ಬಂದು ಮೂರನೆಯ ದಿನ ಹೊರಟ. ಅವನ ಷಡ್ಡಕ. ಅವನ ಅಕ್ಕ, ‘ಕೊಟ್ರಮ್ಮ ಎಷ್ಟು ಛಲೋ ನೋಡಿಕೊಂಡಳಪ್ಪ’ ಎಂದು ಕಣ್ಣೀರಿಟ್ಟು ರೈಲು ಹತ್ತಿದವಳು. ತನ್ನ ನೆಂಟರೆಲ್ಲ ಸಂಕೋಚದ ಜನ ಎಂದು ಇಷ್ಟು ವರ್ಷ ಹೊಗಳಿಕೊಂಡು ತಿರುಗಿದ್ದ.

ಮನೆಗೆ ಬಂದು ಸೀರೆಯ ತಟ್ಟೆ ಕೆಳಗಿಟ್ಟ. “ನಮ್ಮ ಅಕ್ಕನ್ನೂ ನೀನ ಕಳಿಸಿದಿ?”

“ಆಕಿ ಸಂತೋಷವಾಗಿ ಹೋದ್ಲೋ ಇಲ್ಲೋ?” ಎಂದಳು ಕೊಟ್ರಮ್ಮ ಸೀರೆಯ ಅಂಚು ಬೆರಳಲ್ಲಿ ತಿಕ್ಕಿ ನೋಡುತ್ತ.

“ಹೋದ್ಲು.”

“ಹಂಗಾರ ಮತ್ತೇನು? ಆಕಿ ಇದ್ದಿದ್ರ ಒಂದು ತಿಂಗಳಿಗೆ ಜಗಳ ಆಗ್ತಿತ್ತು. ಈಗ ಹಬ್ಬಕ್ಕ ಸೀರಿ ಕಳಿಸ್ತಾಳ.”

ಸಿಟ್ಟು ಬರಬೇಕೋ ಹೆಮ್ಮೆ ಬರಬೇಕೋ ಎಂದು ಎರಡೂ ಬಾಗಿಲಲ್ಲಿ ಕಾಯುತ್ತಿದ್ದವು. ಕಾರ್ಯದರ್ಶಿಯ ಸ್ವಭಾವವೇ ಹಾಗೆ, ಹೆಮ್ಮೆಯನ್ನೇ ಒಳಗೆ ಬಿಟ್ಟುಕೊಂಡ. ಎದ್ದು ನಿಂತು, “ಇವತ್ತ ಹೊಸ ಬೋರ್ಡು ಬರೆಸ್ತೀನಿ. ‘ನೆಂಟರನ್ನು ಗೌರವದಿಂದ ಕಳಿಸಿಕೊಡಲಾಗುವುದು’ ಅಂತ,” ಎಂದ.

“ಅದನ್ನ ಓದಿಕೊಂಡು ಯಾರು ಉಣ್ಣಾಕ ಬರ್ತಾರ್ರಿ?”

ಸಣ್ಣಬಸಪ್ಪ ಮತ್ತೆ ಕೂತ. ಊರಿಗೆಲ್ಲ ಗೊತ್ತಿದ್ದೂ ಎಲ್ಲಿಯೂ ಬರೆಯಬಾರದ ಕಸುಬು. ಬೋರ್ಡು ಹಾಕಿದರೆ ಮುಳುಗುವ ವ್ಯಾಪಾರ. ಅವನ ಜೀವನದಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ತಹಶೀಲ್ದಾರನೂ ಕೊಡುವಂತಿರಲಿಲ್ಲ.

ಬೀದಿ ದೀಪದ ಗುತ್ತಿಗೆ ಅವನಿಗೇ ಸಿಕ್ಕಿತು. ಅವನ ದರ ಎಲ್ಲರಿಗಿಂತ ಕಡಿಮೆಯಿತ್ತು, ಹಾಕಿದ್ದು ಅವನೊಬ್ಬನೇ. ಉಳಿದವರು ಚಿಕ್ಕತಿಮ್ಮಯ್ಯನನ್ನು ನಂಬಿ ಟೆಂಡರೇ ಹಾಕಿರಲಿಲ್ಲ. ಮೂಡಲಗಿರಿಯಪ್ಪನವರು ಸಂತೋಷದ ಭರದಲ್ಲಿ ಸಂಘದ ಬಗ್ಗೆಯೂ ಮೇಲಿನವರಿಗೆ ನಾಲ್ಕು ಒಳ್ಳೆಯ ಮಾತು ಬರೆದರು. ಒಳ್ಳೆಯ ಮಾತಿಗೆ ಸರ್ಕಾರದಲ್ಲಿ ಒಂದೇ ಫಲ: ತನಿಖೆಗೆ ಒಬ್ಬರು ಬಂದರು. ಸೊಸೈಟಿಗಳ ಇನ್ಸ್‌ಪೆಕ್ಟರು, ತೆಲುಗಿನವರು, ಹಾಸಿಗೆ ಸುರುಳಿ, ಕೂಜ, ತಲೆದಿಂಬು ಸಮೇತ ಸಣ್ಣಬಸಪ್ಪನ ಕಟ್ಟೆಯ ಮೇಲೆ ಇಳಿದರು.

“ನಾನು ಯಾರ ಮಾತೂ ನಂಬೋದಿಲ್ಲಂಡಿ. ಪ್ರತಿಯೊಂದೂ ನನ್ನ ಎದುರಿಗೇ ತಯಾರಾಗಬೇಕು. ಹದಿನೈದು ದಿನ ಇರ್ತೀನಿ,” ಎಂದರು. “ಮುಖ್ಯವಾಗಿ ಆ ಭೋಜನದ ವಿಭಾಗ. ಅದರಲ್ಲಿ ಏನು ತಯಾರಾಗುತ್ತೆ, ಅದು ನನಗೆ ಅರ್ಥ ಆಗಲಿಲ್ಲ.”

ಹದಿನೈದು ದಿನದಲ್ಲಿ ಅರ್ಥವಾಗದೆ ಇರುವಷ್ಟು ದಡ್ಡ ಇನ್ಸ್‌ಪೆಕ್ಟರನ್ನು ಸರ್ಕಾರ ಕಳಿಸಿರಲಾರದು. ಅರ್ಥವಾದರೆ ಉಜ್ಜಿನಮ್ಮನ ಒನಕೆಯಿಂದ ಅನ್ನದಾನಮ್ಮನ ಸೂಜಿಯವರೆಗೆ ಎಲ್ಲಕ್ಕೂ ಬೀಗ. ಸಣ್ಣಬಸಪ್ಪ ನೇರವಾಗಿ ಅಡುಗೆಮನೆಗೆ ನುಗ್ಗಿದ. “ಕೊಟ್ರಾ, ಆತನ್ನ ಕಳಿಸು.”

ಕೊಟ್ರಮ್ಮ ಕೂಸಿಗೆ ಅನ್ನ ಕಲಸುತ್ತಿದ್ದಳು. ತಲೆ ಎತ್ತಲಿಲ್ಲ. “ಇದನ್ನ ಗಂಡ ಅಂತ ಹೇಳಾಕತ್ತೀರೋ, ಕಾರ್ಯದರ್ಶಿ ಅಂತ ಕೇಳಾಕತ್ತೀರೋ?”

“ಎರಡಕ್ಕೂ ಏನು ಫರಕು?”

“ಗಂಡ ಆದ್ರ ಪುಕ್ಕಟೆ. ಕಾರ್ಯದರ್ಶಿ ಆದ್ರ ಎಲ್ಲಾರ ಹಂಗ ಬರಬೇಕು.”

ಅವನು ಹಿತ್ತಲ ಬಾಗಿಲಿಂದ ಹೊರಗೆ ಹೋದ. ಪೇಟೆಯಲ್ಲಿ ಒಂದು ಗಡಿಗೆ ತುಪ್ಪ ಕೊಂಡ, ಒಳ್ಳೆಯದನ್ನೇ, ಮೂಸಿ ನೋಡಿ ಕೊಂಡ. ಓಣಿ ಸುತ್ತಿ ಬಂದು ತನ್ನ ಮನೆಯ ಮುಂಬಾಗಿಲಲ್ಲಿ ನಿಂತು, ಚಪ್ಪಲಿ ಕಳಚಿ, ಗಂಟಲು ಸರಿಮಾಡಿಕೊಂಡ.

“ಕೊಟ್ರಮ್ಮಾರ, ಅದೀರೇನ್ರಿ?”

“ಬರ್ರಿ, ಕುಂದರ್ರಿ,” ಎಂದಳು ಕೊಟ್ರಮ್ಮ ಸೆರಗು ಸರಿಮಾಡಿಕೊಂಡು ಬಂದು. “ಏನು ಬಂದ್ರಿ?”

“ನಮ್ಮ ಸಂಘಕ್ಕ ಒಬ್ಬರು ಬಂದಾರ್ರಿ. ಹದಿನೈದು ದಿನ ಇರ್ತೀನಂತಾರ. ಎಲ್ಲಾ ಕಣ್ಣೆದುರಿಗೇ ಆಗಬೇಕಂತ.”

ಕೊಟ್ರಮ್ಮ ತುಪ್ಪದ ಗಡಿಗೆಯ ಬಾಯಿಬಟ್ಟೆ ಬಿಚ್ಚಿ ವಾಸನೆ ನೋಡಿದಳು. “ಊಟಕ್ಕ ಕರಕೊಂಡು ಬರ್ರಿ,” ಎಂದಳು.

ಇನ್ಸ್‌ಪೆಕ್ಟರಿಗೆ ನಡುಮನೆಯಲ್ಲಿ ಮಣೆ ಹಾಕಿದರು. ಎಲ್ಲವೂ ಅವರ ಎದುರಿಗೇ ಆಗಬೇಕೆಂದಿದ್ದರಲ್ಲ, ಮಣೆಯ ಸುತ್ತ ಒರಳುಗಳು ಬಂದವು. ಉಜ್ಜಿನಮ್ಮ ಮತ್ತು ಅವಳ ಜೊತೆಯವರು ಒಣಮೆಣಸಿನಕಾಯಿ ಸುರಿದು, ಬಾಗಿಲು ಕಿಟಕಿ ಮುಚ್ಚಿ, ಗಾಳಿಗೆ ಪುಡಿ ಹಾರಬಾರದಲ್ಲ, ಕುಟ್ಟತೊಡಗಿದರು. ಕೊಟ್ರಮ್ಮ ಪಕ್ಕದಲ್ಲಿ ನಿಂತು, ಇದು ಬರೀ ಮೊದಲನೆಯ ಕುಟ್ಟು, ಇನ್ನು ಹದಿನೈದು ದಿನ ದಿನಕ್ಕೊಂದು ಬಗೆ ತೋರಿಸುತ್ತೇವೆ, ಸಾಹೇಬರು ಒಂದನ್ನೂ ತಪ್ಪಿಸಬಾರದು ಎಂದು ವಿವರಿಸಿದಳು. ಸಾಹೇಬರು ಪ್ರಶ್ನೆ ಕೇಳಲು ಬಾಯಿ ತೆರೆದರು, ಸೀನಿದರು. ಮತ್ತೆ ತೆರೆದರು, ಮತ್ತೆ ಸೀನಿದರು. ಮಧ್ಯಾಹ್ನದ ರೈಲಿಗೆ ಅವರ ಹಾಸಿಗೆ ಸುರುಳಿಯನ್ನು ಕಾರ್ಯದರ್ಶಿಯೇ ಹೊತ್ತುಕೊಂಡು ಹೋಗಿ ಹತ್ತಿಸಿದ. ಚಟ್ನಿಪುಡಿಯ ಪೊಟ್ಟಣ ಕೊಡಲು ಹೋದಾಗ ಅವರು ಎರಡೂ ಕೈ ಎತ್ತಿ ಮುಗಿದರು.

ಸ್ವಲ್ಪ ದಿನಕ್ಕೆ ವರದಿಯ ಪ್ರತಿ ಬಂತು. ಸಣ್ಣಬಸಪ್ಪ ಓಣಿಯ ತಾಯಂದಿರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿ ಗಟ್ಟಿಯಾಗಿ ಓದಿದ. ಸಂಘದ ಮಹಿಳೆಯರ ಶ್ರಮವನ್ನು ಕಣ್ಣಾರೆ ಕಂಡು ಕಣ್ಣೀರು ತಡೆಯಲಾಗಲಿಲ್ಲವೆಂದೂ, ಸಂಘವು ಈಗಿರುವಂತೆಯೇ ಮುಂದುವರಿಯಲು ಯಾವ ಅಡ್ಡಿಯೂ ಇಲ್ಲವೆಂದೂ, ಇನ್ನು ಮುಂದೆ ಯಾವ ಅಧಿಕಾರಿಯೂ ಖುದ್ದಾಗಿ ಬಂದು ನೋಡುವ ಅವಶ್ಯಕತೆ ಖಂಡಿತ ಇಲ್ಲವೆಂದೂ ಅದರಲ್ಲಿ ಬರೆದಿತ್ತು.